ಬಿಡಾರ ಬದಲು

ಸತ್ತವರನ್ನು ಬದುಕಿರುವವರ ತಲೆಯೊಳಗೆ ಇಳಿಸುವುದು ಗದಗಿನಲ್ಲಿ ಹೊಸತೇನಲ್ಲ. ಯಾರನ್ನು ಎಲ್ಲಿಡಬೇಕೆಂದು ಆರಿಸುವುದು ಆಫೀಸಿನಲ್ಲಿರುವ ಯಂತ್ರ. ಅದಕ್ಕೆ ಜಾತಿಯೂ ಇಲ್ಲ, ನಂಟೂ ಇಲ್ಲ, ಜಾಗ ಕಂಡರೆ ಸಾಕು. ಹಿಟ್ಟಿನ ಗಿರಣಿಯ ನೀಲವ್ವನ ತಲೆಯಲ್ಲಿ ಗಣಿತದ ಮಾಸ್ತರರೊಬ್ಬರೂ ಸಾರಿನಲ್ಲಿ ಉಪ್ಪಿಲ್ಲವೆಂದು ದಿನಾ ಗೊಣಗುವ ಶಾಂತಕ್ಕನೂ ಇದ್ದರು.

ಅಂದು ಬೆಳಿಗ್ಗೆ ಸಾರು ಕುದಿಯುತ್ತಿದ್ದರೂ ನೀಲವ್ವನ ತಲೆಯೊಳಗೆ ಯಾರೂ ಪಿಟ್ಟೆನ್ನಲಿಲ್ಲ. ಕೆಡಲಿರುವ ತಲೆಯಿಂದ ಯಂತ್ರ ಎಲ್ಲರನ್ನೂ ಮೊದಲೇ ಬೇರೆಡೆಗೆ ಸಾಗಿಸಿಬಿಡುತ್ತದೆ. ಚಹಾದಂಗಡಿಯ ದ್ಯಾಮಣ್ಣನ ತಲೆ ಹೀಗೇ ಬರಿದಾಗಿತ್ತು. ಗಟ್ಟಿಮುಟ್ಟಾಗಿದ್ದ ಮನುಷ್ಯ, ವಾರ ತುಂಬುವುದರೊಳಗೆ ತೀರಿಕೊಂಡ.

ನೀಲವ್ವ ಸಾರಿನ ಬಟ್ಟಲು ಹಿಡಿದು ಪಕ್ಕದ ಮನೆಯ ಕಲ್ಲವ್ವನಲ್ಲಿಗೆ ಓಡಿದಳು. ಕಲ್ಲವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಉಪ್ಪs ಇಲ್ಲ." ಸ್ವರ ಶಾಂತಕ್ಕನದು.

"ಅವರು ನಿನ್ನ ಕಡೆ ಬಂದಾರೇನ?"

"ಇಬ್ಬರೂ ಬಂದಾರ," ಎಂದಳು ಕಲ್ಲವ್ವ, ಈಗ ತನ್ನದೇ ಸ್ವರದಲ್ಲಿ. "ಇನ್ನೊಬ್ಬಾಕಿ ಬರಾಕಿ ಅದಾಳ, ಜಾಗಾ ಇರಲಿ ಅಂದಾರ ಆಫೀಸಿನವರು. ಯಾರೋ ಗಿರಣಿ ನಡಸಾಕಿ ಅಂತ…"

ಹೇಳುತ್ತಿದ್ದವಳು ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೈಯ ಹಿಂದಿನಿಂದಲೇ ಶಾಂತಕ್ಕನ ಸ್ವರ ಅಕ್ಕರೆಯಿಂದ ಕರೆಯಿತು:

"ಬಾರವ್ವಾ ನೀಲಾ, ನಾವು ಸರಕೊಂಡು ಕುಂತೀವಿ."