ಕರಡಿಯ ಪಾಲು

ಜೇನು ಕುಯ್ಯುವಾಗ ಕೆಳಗಿನ ಕೊಂಬೆಯ ಗೂಡನ್ನು ಮುಟ್ಟಬಾರದು, ಅದು ಕರಡಿಯ ಪಾಲು. ಕೇತಜ್ಜ ಇದನ್ನು ತನ್ನ ಅಪ್ಪನಿಂದ ಕಲಿತಿದ್ದ, ಮೊಮ್ಮಗ ಜಡೇಯನಿಗೂ ಕಲಿಸಿದ್ದ. ಆ ಜಡೇಯ ಈಗ ಹಾಡಿಯ ಹುಡುಗರನ್ನೆಲ್ಲ ಕಟ್ಟಿಕೊಂಡು ಜೇನಿನ ಕಂಪನಿ ನಡೆಸುತ್ತಿದ್ದ. ಆ ಜೇನನ್ನು ತನ್ನ ದೇಶದಲ್ಲಿ ಮಾರಬೇಕೆಂದು ಅವನ ವಾರಗೆಯ ಹುಡುಗಿಯೊಬ್ಬಳು ಹಿಮದ ನಾಡಿನಿಂದ ಬಂದಿದ್ದಳು.

ಜಡೇಯ ಅವಳನ್ನು ಮರದಡಿ ನಿಲ್ಲಿಸಿ, ಕರಡಿಯ ಪಾಲನ್ನು ತೋರಿಸಿ, ಅಜ್ಜ ಹೇಳುತ್ತಿದ್ದುದನ್ನೇ ಒಂದು ಮಾತೂ ಬಿಡದೆ ಹೇಳಿದ. ಅಜ್ಜನಿಗೆ ತನ್ನ ಅಪ್ಪನೇ ಮಾತಾಡಿದಂತಾಯಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಹುಡುಗಿಯ ಕಣ್ಣು ತುಂಬಿತು. ಅವಳ ಮಾತನ್ನು ಜಡೇಯನೇ ಕನ್ನಡದಲ್ಲಿ ತಿಳಿಸಿದ.

"ತಾತ, ಅವ್ರ ಊರಲ್ಲೂ ಸೇಬಿನ ಮರದ ತುದಿ ಹಣ್ಣ ಹಕ್ಕಿಗೆ ಅಂತ ಬುಡ್ತಾರಂತೆ. ನಿನ್ನ ಕಾಲ ಮುಗುದ್ಮೇಲೆ ಇದ ಯಾರು ಕಾಯ್ತಾರೆ ಅಂತ ಕೇಳ್ತಾವ್ಳೆ."

"ಇವ್ನೇ ಕಾಯ್ತಾನೆ ಕಣವ್ವ," ಎಂದು ಅಜ್ಜ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟ. "ಇವ್ನು ತಪ್ಪುದ್ರೆ ನಾನೇ ತಪ್ಪಿದಂಗೆ. ಬೆಟ್ಟದ ದೇವ್ರಾಣೆ."

ಹುಡುಗಿ ಅಜ್ಜನ ಕಾಲು ಮುಟ್ಟಿ ಜೀಪು ಹತ್ತಿದಳು.

"ಗೂಡು ತುಂಬೈತೆ. ಕರಡಿ ಅಣ್ಣ ಈ ಸಲ ಬೇಗ್ನೆ ಬತ್ತಾನೆ ಕಣ್ಲಾ," ಎಂದ ಅಜ್ಜ.

ಜಡೇಯ ಜೀಪು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸುತ್ತ ನಿಂತಿದ್ದ. ಆಮೇಲೆ ಪೊದೆಯ ಹಿಂದೆ ಕಾದು ಕುಳಿತಿದ್ದ ತನ್ನ ಕೆಲಸದವರನ್ನು ಕೂಗಿದ.

"ಅವ್ಳು ನೋಡಾಯ್ತು, ಹೊಗೆ ಹಾಕ್ರಲಾ. ಕೆಳಗಿನ್ದೂ ಕುಯ್ರಿ."