ಬಂಗಲೆಯ ಒಳಬಾಗಿಲು

ತೇಗದ ಮರಕ್ಕೆ ಎಣ್ಣೆ ಹಚ್ಚಿದ ವಾಸನೆ ಬಂದರೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ.

ಚಾಮರಾಜಪೇಟೆಯ ಮೆಥಡಿಸ್ಟ್ ಚರ್ಚಿಗೆ ಅಂಟಿಕೊಂಡೇ ಪಾದ್ರಿಗಳ ಬಂಗಲೆಯಿತ್ತು. ಅದರ ಎಣ್ಣೆ ಹಚ್ಚಿದ ತೇಗದ ಜಾಲರಿಯ ಜಗಲಿಯಲ್ಲಿ ಪಾದ್ರಿಗಳ ಹೆಂಡತಿ, ದೊರೆಸಾನಿ, ನನಗೂ ಅಕ್ಕನಿಗೂ ಓದು ಕಲಿಸುತ್ತಿದ್ದರು. "ಚರ್ಚೊಳಗೆ ಕಾಲಿಟ್ರೆ ಓದು ಅವತ್ತಿಗೇ ಮುಗೀತು" ಎಂದು ಅಜ್ಜಿ ಮೊದಲೇ ಹೇಳಿದ್ದಳು.

ಒಂದು ಮಧ್ಯಾಹ್ನ ಬಂಗಲೆಯಿಂದ ಚರ್ಚಿಗೆ ಹೋಗುವ ಒಳಬಾಗಿಲು ತೆರೆದಿತ್ತು. ಆಚೆ ಕಮಾನು ಕಿಟಕಿಯ ಬಣ್ಣದ ಗಾಜಿನಿಂದ ನೆಲದ ಮೇಲೆ ಕೆಂಪು, ನೀಲಿ ಬೆಳಕು ಬಿದ್ದಿತ್ತು. ಅದನ್ನು ತುಳಿಯಲು ನಾನು ಓಡಿದೆ. ಅಕ್ಕ ಹಿಂದೆಯೇ ಬಂದು, "ಬಾರೇ ಕತ್ತೆ, ಅಜ್ಜಿ ಬರೋ ಹೊತ್ತು!" ಎಂದು ನನ್ನನ್ನು ಎಳೆದು ತಂದಳು.

ಅಜ್ಜಿ ಆಗಲೇ ಜಗಲಿಯಲ್ಲಿದ್ದಳು. "ಮೊದಲು ಹೋದೋಳು ಯಾರೇ?"

"ಅಕ್ಕ" ಎಂದೆ. ಅಕ್ಕ ಅಲ್ಲವೆನ್ನಲಿಲ್ಲ. ಅವಳ ಓದು ಅವತ್ತಿಗೇ ಮುಗಿಯಿತು.

ಮರುದಿನ ಅವಳು ನನಗೆ ಜಡೆ ಹೆಣೆದು, ತನ್ನ ಸ್ಲೇಟನ್ನು ಕೈಗಿಟ್ಟು, "ನೀನಾದ್ರೂ ಓದೇ" ಎಂದಳು. ನಾನು ಬಂಗಲೆಯ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡಲಾರದೆ ಅಲ್ಲೇ ನಿಂತೆ.