ಓದಾಕ ಬರ್ತೈತೇನ್ರಿ?

ಸಜ್ದಾಕ್ಕೆಂದು ನೆಲಕ್ಕೆ ಹಣೆ ಹಚ್ಚಿದ ಅತ್ತೆ ಏಳಲೇ ಇಲ್ಲ. ಪಕ್ಕದ ಚಾಪೆಯ ಮೇಲೆ ಹಾಗೇ ಹಣೆ ಹಚ್ಚಿಕೊಂಡಿದ್ದ ದಿಲಶಾದಳಿಗೆ ಮೂಗಿನ ತುದಿ ನೋಯತೊಡಗಿತು. ಅತ್ತೆ ಎದ್ದರೆ ತಾನೂ ಏಳಬೇಕು, ಕೂತರೆ ತಾನೂ ಕೂಡಬೇಕು. ನಮಾಜಿನ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ಗೊತ್ತಿಲ್ಲ ಅನ್ನುವುದನ್ನು ಮದುವೆಗೆ ಮೊದಲೇ ಹೇಳಬೇಕಿತ್ತು. ಹೆಣ್ಣು ನೋಡಲು ಸವಣೂರಿನಿಂದ ತಿಳವಳ್ಳಿಗೆ ಬಂದ ದಿನ ಈ ಅತ್ತೆ, ಮೌಲಾಬಿ, ಕೇಳಿದ್ದು ಒಂದೇ ಮಾತು: “ಹುಡುಗಿಗೆ ನಮಾಜ್ ಓದಾಕ ಬರ್ತೈತೇನ್ರಿ?” ದಿಲಶಾದಳ ಅವ್ವ ಏನು ಕಡಿಮೆಯವಳೇ? “ಓದಾಕೇನ್ರಿ, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಾಗ ಪಾಸಾಗ್ಯಾಳ!” ಎಂದು ಆ ಓದಿನ ಮೇಲೆ ಈ ಓದು ಹೊದಿಸಿ ಮುಚ್ಚಿಬಿಟ್ಟಳು. ಅವರ ಓಣಿಯಲ್ಲಿ ಪಿಂಜಾರರದು ನಾಲ್ಕೇ ಮನೆ, ಮನೆಮಾತು ಕನ್ನಡ. ಅಪ್ಪ ಶುಕ್ರವಾರ ಮಸೀದಿಗೆ ಹೋಗಿ ಬರುತ್ತಿದ್ದ, ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳಿಗೆ ಕಲಿಸುವವರಾದರೂ ಯಾರು?

ಗಂಡನ ಮನೆಯಲ್ಲಿ ಮೊದಲ ವಾರ ಮುಟ್ಟು ಕಾಪಾಡಿತ್ತು. ಆ ದಿನಗಳಲ್ಲಿ ನಮಾಜಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡದ್ದನ್ನು ನೋಡಿದ ಅತ್ತೆ, ಸಂಜೆ ಅಸರಿನ ಬಾಂಗ್ ಕೇಳುತ್ತಲೇ ಕೋಣೆಯ ಬಾಗಿಲು ಹಾಕಿ, ಎರಡು ಚಾಪೆ ಜೋಡಿಸಿ ಕರೆದಳು: “ಬಾರವಾ, ಜೋಡಿಲೆ ಓದೂಣು.”

ನವಾಬರಾಳಿದ ಸವಣೂರಿನ ಅತ್ತೆ, ಎಲ್ಲ ಬಲ್ಲವಳು. ಕೈ ಒಂದಿಷ್ಟು ತಪ್ಪಿ ಕಟ್ಟಿದರೂ ಹಿಡಿದುಬಿಡುತ್ತಾಳೆ. ಸುಳ್ಳು ಹೇಳಿ ಹೆಣ್ಣು ಕೊಟ್ಟರೆಂದು ಅವ್ವನ ಮಾನ ಬೀದಿಗೆ ಬೀಳುತ್ತದೆ. ಆದದ್ದಾಗಲಿ, ಓರೆಗಣ್ಣಲ್ಲಿ ನೋಡಿ ನೋಡಿ ಮಾಡಿದರಾಯಿತು ಎಂದು ದಿಲಶಾದ ನಿಂತಳು.

ಅತ್ತೆ ಕೈ ಎತ್ತಿದಾಗ ಎತ್ತಿದಳು, ಎದೆಯ ಮೇಲೆ ಕಟ್ಟಿದಾಗ ಕಟ್ಟಿದಳು. ಆಮೇಲೆ ನಿಂತದ್ದೇ ನಿಂತದ್ದು, ಕಾಲಿಗೆ ಜೋಮು ಹಿಡಿಯುವಷ್ಟು ಹೊತ್ತು. ಜಾರುತ್ತಿದ್ದ ಓಡ್ನಿಯನ್ನು ಹಿಡಿಯಲು ಇವಳು ತುಸು ಬಗ್ಗಿದಳೋ ಇಲ್ಲವೋ, ಅತ್ತೆ ದಡಕ್ಕನೆ ಮೊಣಕಾಲಿಗೆ ಕೈಯೂರಿ ಬಗ್ಗಿಬಿಟ್ಟಳು! ಅಲ್ಲಿಂದ ಯಾರು ಮೊದಲು ಇಳಿದರೋ, ಅಂತೂ ಇಬ್ಬರೂ ನೆಲಕ್ಕೆ. ಈಗ ನೋಡಿದರೆ ಏಳುವ ಲಕ್ಷಣವೇ ಇಲ್ಲ. ಬಿಪಿ ಗುಳಿಗೆ ನುಂಗುವ ಹೆಂಗಸು, ಏನಾದರೂ ಆಯಿತೇ? ದಿಲಶಾದ ಹೆದರಿ ಮುಖವನ್ನಷ್ಟೇ ಮೆಲ್ಲಗೆ ಹೊರಳಿಸಿದಳು. ಗೇಣು ದೂರದಲ್ಲಿ ಅತ್ತೆಯ ಕಣ್ಣು ತೆರೆದೇ ಇತ್ತು, ಇವಳನ್ನೇ ನೋಡುತ್ತಿತ್ತು.

“ಏಳವಾ,” ಎಂದಳು ಮೌಲಾಬಿ ಪಿಸುದನಿಯಲ್ಲಿ. “ನೀ ಎದ್ರ ನಾ ಏಳ್ತೇನಿ.”

“ನಾನೂ... ನೀವು ಏಳೂದನ್ನ ಕಾಯಾಕತ್ತೇನ್ರಿ, ಅತ್ತಿ.”

“ಅಯ್ಯ ನನ್ನ ಅಲ್ಲಾನ!”

ಇಬ್ಬರೂ ಎದ್ದು ಕೂತರು. ದಿಲಶಾದಳಿಗೆ ಅಳು ಒತ್ತರಿಸಿ ಬಂತು. “ನನಗ ಬರಾಂಗಿಲ್ರಿ. ಒಂದಕ್ಷರ ಬರಾಂಗಿಲ್ಲ. ನಮ್ಮವ್ವನ್ನ ಬೈಬ್ಯಾಡ್ರಿ.”

ಬೈಯಲು ಮೌಲಾಬಿಗೆ ಬಾಯಾದರೂ ಎಲ್ಲಿತ್ತು? “ನಾ ಏನ್ ಸವಣೂರಾಗ ಹುಟ್ಟಿದಾಕೇನವಾ? ಆಡೂರಂಥಾ ಸಣ್ಣ ಹಳ್ಳಿಯಾಕಿ. ನಮಗ್ಯಾರು ಕಲಸ್ತಿದ್ರು? ಮೂವತ್ತು ವರ್ಷ ಬಾಗಲಾ ಹಾಕ್ಕೊಂಡು ಬಗ್ಗಿ ಎದ್ದೇನಿ, ಮಂದಿ ನಮಾಜ್ ಅಂದ್ಕೊಂಡ್ರು. ಕೇಳಾಕ ಮಗಳಿಲ್ಲ. ಮದರಸಾ ಕಲಿತ ಮಗನ್ನ ಕೇಳಾಕ ನಾಚಿಕಿ. ಓದಾಕ ಬರೋ ಸೊಸಿ ತಂದ್ರ ಆಕಿನ್ನ ನೋಡ್ಕೋತ ಕಲಿಬೌದು ಅಂತ, ಊರೂರು ಅಡ್ಡಾಡಿ ನಿನ್ನ ಹುಡುಕಿ ತಂದೆ!”

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಓಡ್ನಿ ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡು ಇಬ್ಬರೂ ನಕ್ಕರು. ನಗುತ್ತಿದ್ದಂತೆಯೇ ಮೌಲಾಬಿಯ ಕಣ್ಣಲ್ಲಿ ನೀರು ತುಂಬಿತು. “ಮ್ಯಾಲಿನಾವ ಇಷ್ಟು ವರ್ಷ ಏನಂದ್ಕೊಂಡಾನೋ ಏನೋ,” ಎಂದಳು. ಮೂವತ್ತು ವರ್ಷದ ಅಂಜಿಕೆ ಅದು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮಗ ಇರ್ಫಾನ ಗಾದಿ ಅಂಗಡಿಯಿಂದ ಬಂದಿದ್ದ. “ಅವ್ವಾ, ಇನ್ನಾ ಮುಗೀಲಿಲ್ಲೇನ? ಚಾ ಎಲ್ಲೈತಿ?”

ದಿಲಶಾದ ಗಬಕ್ಕನೆ ಅತ್ತೆಯ ಮುಂಗೈ ಹಿಡಿದಳು. “ಅವರಿಗೆ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.” ಗಂಡನೊಡನೆ ಇನ್ನೂ ನಾಲ್ಕು ಮಾತು ಬಿಚ್ಚಿ ಆಡಿರಲಿಲ್ಲ ಹುಡುಗಿ. ಮೊದಲ ಮಾತೇ ಸುಳ್ಳಾದರೆ ಮುಂದೆ ಯಾವ ಮಾತನ್ನು ಅವನು ನಂಬಿಯಾನು? ಮೌಲಾಬಿ ತನ್ನ ಮುಂಗೈ ಹಿಡಿದ ಆ ಕೈಯನ್ನು ನೋಡಿದಳು. ಕಣ್ಣೊರೆಸಿಕೊಂಡಳು. ಎದ್ದು ಹೋಗಿ ಚಿಲಕ ತೆಗೆದಳು.

“ಒಳಗ ಬಾ ಇರ್ಫಾನ. ನನಗ ನಮಾಜ್ ಓದಾಕ ಬರಾಂಗಿಲ್ಲಪಾ. ಯಾವತ್ತೂ ಬರತಿದ್ದಿಲ್ಲ. ಮುಂದ ನಿಂತು ಜೋರಲೆ, ಸಾವಕಾಶ ಹೇಳಿಕೊಡು.”

ತಲೆಗೂದಲಲ್ಲಿ ಅರಳೆ ಸಿಕ್ಕಿಸಿಕೊಂಡಿದ್ದ ಮಗ ಬಾಯಿ ಬಿಟ್ಟುಕೊಂಡು ನಿಂತ. ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. “ಅಲ್ಲಬೇ, ಈಕಿಗೆ ಬರ್ತೈತೆಲ್ಲ? ಈಕಿನ ಕಲಸ್ಲಿ.”

ದಿಲಶಾದ ಓಡ್ನಿಯನ್ನು ಹಣೆಯವರೆಗೆ ಎಳೆದುಕೊಂಡಳು.

“ಅತ್ತಿಯಾದಾಕಿ ಸೊಸಿ ಕಡೆ ಪಾಠ ಹೇಳಿಸ್ಕೊಳ್ಳೂದ? ನನ್ನ ಗತ್ತು ಏನಾಗಬೇಕೋ ಹುಚ್ಚಪ್ಪ!” ಎಂದು ಗದರಿಸಿದ ಮೌಲಾಬಿ, ಸೊಸೆಯ ತೋಳು ಹಿಡಿದೆಳೆದು ತನ್ನ ಮಗ್ಗುಲಲ್ಲೇ ನಿಲ್ಲಿಸಿಕೊಂಡಳು. “ಆಕಿಗೆ ಎಲ್ಲಾ ಬರ್ತೈತಿ. ನಾ ತಪ್ಪಿದ್ರ ಹಿಡಿಯಾಕ ಬಾಜೂಕ ಒಬ್ಬಾಕಿ ಇರ್ಲಿ.”